ಹೊಟ್ಟೆ ಬಿಗಿದು ಕಟ್ಟಿದರೆ ಬೊಜ್ಜು ಕರಗುವುದಿಲ್ಲ: ಒಂದು ಸ್ಪಷ್ಟನೆ

‘ಹೆರಿಗೆಯಾದ ಮರುದಿನದಿಂದಲೇ ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತಿ, ನೀರು ಕಡಿಮೆ ಕುಡಿಯಿರಿ. 40 ದಿನದಲ್ಲಿ ಹೊಟ್ಟೆ ಮೊದಲಿನಂತಾಗುತ್ತದೆ’ ಎಂಬ ಮಾತು ವಿಜಯಪುರದ ಕಡೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಬಟ್ಟೆ ಕಟ್ಟಿದರೆ ಸೊಂಟಕ್ಕೆ ಸ್ವಲ್ಪ ಆಸರೆ ಸಿಗಬಹುದು, ಅಷ್ಟೇ. ಗರ್ಭಕೋಶ ತಾನಾಗಿಯೇ ಕುಗ್ಗುತ್ತದೆ, ಅದಕ್ಕೆ ಸುಮಾರು 6 ವಾರ ಬೇಕು. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ. ಹೆರಿಗೆಯಿಂದ ಮೊದಲೇ ಸಡಿಲವಾದ ಸ್ನಾಯುಗಳಿಗೆ ಅದು ಒಳ್ಳೆಯದಲ್ಲ.

ನೀರಿನ ಮಾತಂತೂ ಅಪಾಯದ್ದು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರು ನಮ್ಮದು, ಅಲ್ವಾ? ಮಗು ಹಾಲು ಹಿಡಿದ ಕೂಡಲೇ ಎಷ್ಟೋ ಬಾಣಂತಿಯರಿಗೆ ಗಂಟಲು ಒಣಗುತ್ತದೆ. ಕೈಗೆ ಸಿಗುವಂತೆ ಒಂದು ತಂಬಿಗೆ ನೀರು ಇಡಿ, ಬೇಕೆನಿಸಿದಾಗಲೆಲ್ಲ ಕುಡಿಯಲಿ. ಹಾಲೂಡಿಸುವ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿಯೇ ಬೇಕು. ಅಳವಿ ಪಾಯಸ, ಅಂಟಿನುಂಡಿ ಜೊತೆ ಬೇಳೆ, ತಪ್ಪಲ ಪಲ್ಲೆಯೂ ಇರಲಿ.

ಸಹಜ ಹೆರಿಗೆಯಾದವರು ಮೈ ಒಪ್ಪಿದರೆ ಕೆಲವೇ ದಿನದಲ್ಲಿ ಅಂಗಳದಲ್ಲಿ ಮೆಲ್ಲಗೆ ನಡೆಯಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ವ್ಯಾಯಾಮ ಶುರುಮಾಡಿ. ಜ್ವರ, ಜಾಸ್ತಿ ರಕ್ತಸ್ರಾವ, ಒಂದೇ ಕಾಲಲ್ಲಿ ನೋವು-ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.