ಕೂಲಿ ಕೇಳಿದವರ ಮೇಲೆ ಯಾಕೆ ಇಷ್ಟು ಸಿಟ್ಟು?

ನಿನ್ನೆ ರಾಣೇಬೆನ್ನೂರಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತು ತೆಗೆದರು. "ಆಳುಗಳಿಗೆ ಸೊಕ್ಕು ಬಂದೈತ್ರಿ. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ತಿಂಗಳಾ ಎರಡು ಸಾವಿರ ಬ್ಯಾರೆ. ಇನ್ನ ಯಾಕ ಹೊಲಕ್ಕ ಬರ್ತಾರ? ಹೆಣ್ಣಾಳಿಗೆ ಮುನ್ನೂರೈವತ್ತು ಕೊಡಬೇಕಂತ!"

ಸುತ್ತ ಕೂತವರೆಲ್ಲ ಹೌದೌದು ಅಂದರು. ನನಗೆ ತಡೆಯಲಿಲ್ಲ. "ಕಾಕಾರ, ಮುನ್ನೂರೈವತ್ತು ಕೊಟ್ಟರ ನಿಮ್ಮ ಮನಿ ಹೆಣ್ಣುಮಕ್ಕಳನ್ನ ಬಿಸಲಾಗ ಹತ್ತಿ ಬಿಡಿಸಾಕ ಕಳಸ್ತೀರೇನು?" ಅಂದೆ. "ಅದು ಬ್ಯಾರೆ ಮಾತು ಬಿಡವಾ" ಅಂದು ತಾಟಿನ ಕಡೆ ತಿರುಗಿದರು. ಅದು ಬೇರೆ ಮಾತು ಹೇಗಾಗುತ್ತದೆ ಅಂತ ರಾತ್ರಿಯಿಡೀ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೊಲ ನೋಡದೆ ಹುಬ್ಬಳ್ಳಿಯಲ್ಲಿ ಕೂತು ಮಾತಾಡುವವಳಲ್ಲ, ಇಲ್ಲಿರುವ ನಿಮಗೆಲ್ಲ ಗೊತ್ತು. ಅಣ್ಣ ಇವತ್ತಿಗೂ ಬ್ಯಾಡಗಿ ಹತ್ತಿರ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ ಮಾಡುತ್ತಾನೆ. ಹತ್ತಿ, ಮೆಣಸಿನಕಾಯಿ, ಗೋವಿನಜೋಳ. ಆಳು ಸಿಗದೆ ಅವನು ಹಿಂದಿನ ರಾತ್ರಿ ಮನೆ ಮನೆ ತಿರುಗುವುದನ್ನು ನೋಡಿದ್ದೇನೆ. ಕೂಲಿ ಜೊತೆ ಟಂಟಂ ಬಾಡಿಗೆಯನ್ನೂ ಕೊಟ್ಟು ಬೇರೆ ಊರಿಂದ ಕರೆಸುತ್ತಾನೆ. ಕಷ್ಟ ಸುಳ್ಳಲ್ಲ. ಆದರೆ ಆ ಕಷ್ಟಕ್ಕೆ ಕಾರಣ ಮುನ್ನೂರೈವತ್ತು ಕೇಳುವ ಹೆಂಗಸು ಅನ್ನುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ.

ಹತ್ತಿ ಬಿಡಿಸುವುದನ್ನು ಹತ್ತಿರದಿಂದ ನೋಡಿದ್ದೀರಾ? ಸೊಂಟಕ್ಕೆ ಸೀರೆಯ ಉಡಿ ಕಟ್ಟಿಕೊಂಡು ಬೆಳಿಗ್ಗೆ ಸಾಲು ಹಿಡಿದರೆ ಸಂಜೆ ತನಕ ಬಗ್ಗಿಯೇ ಇರಬೇಕು. ಒಡೆದ ಕಾಯಿಯ ಒಣ ತುದಿ ಸೂಜಿಯ ಹಾಗೆ ಉಗುರಿನ ಸಂದಿಯಲ್ಲಿ ಹೊಗುತ್ತದೆ. ಉಡಿ ತುಂಬಿದ ಹಾಗೆ ಭಾರ ಪೂರ್ತಿ ಸೊಂಟಕ್ಕೆ. ಕೆಲವು ಕಡೆ ಕೆ.ಜಿ. ಲೆಕ್ಕ. ಅಲ್ಲಿ ಇಬ್ಬನಿ ತೇವ ಇದೆ ಅಂತ ತೂಕದಲ್ಲಿ ಕಳೆಯುತ್ತಾರೆ. ಇನ್ನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವವರು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ರಾಶಿ ಮುಂದೆ ಕೂತಿರುತ್ತಾರೆ. ಘಾಟಿಗೆ ಕೆಮ್ಮು ನಿಲ್ಲುವುದಿಲ್ಲ. ಕೈಗೆ ಎಣ್ಣೆ ಸವರಿಕೊಂಡರೂ ರಾತ್ರಿ ಉರಿ. ಆ ಕೈಯಲ್ಲಿ ಮಗುವಿನ ಮುಖ ಮುಟ್ಟೋ ಹಾಗಿಲ್ಲ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕೈಗಳ ಬಗ್ಗೆ ಹೇಳುವವರು ಕಮ್ಮಿ.

ಇದುವರೆಗೆ ಇಲ್ಲಿ ಬರೆಯದ ಒಂದು ವಿಷಯ ಇದೆ. ಮದುವೆಗೆ ಮುಂಚೆ ನಮ್ಮವ್ವ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ರೊಕ್ಕ ಸಿಗುತ್ತಿದ್ದುದೇ ಅಪರೂಪ, ಜೋಳ ಅಳೆದು ಕೊಡುತ್ತಿದ್ದರಂತೆ. ದೊಡ್ಡವರ ಮನೆಯಿಂದ ಕರೆ ಬಂದರೆ ಜ್ವರ ಇದ್ದರೂ ಹೋಗಲೇಬೇಕು, ಯಾಕಂದರೆ ಅಜ್ಜ ಅವರ ಹತ್ತಿರ ಸಾಲ ಮಾಡಿದ್ದ. "ಇವತ್ತ ಬರಾಂಗಿಲ್ಲ ಅನ್ನಾಕ ಬಾಯಿ ಇರಲಿಲ್ಲವಾ ನಮಗ" ಅನ್ನುತ್ತಾಳೆ. ಸೊಕ್ಕು ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಅವ್ವನೇ ನೆನಪಾಗುತ್ತಾಳೆ. ಇವತ್ತು ಒಬ್ಬ ಹೆಂಗಸು "ನಾಳೆ ಬರಲ್ಲ, ಬಂದರೆ ಇಷ್ಟು ಕೊಡಬೇಕು" ಅಂತ ಬಾಯಿಬಿಟ್ಟು ಹೇಳುತ್ತಾಳೆ. ನಮ್ಮವ್ವನಿಗೆ ಆ ಬಾಯಿ ಇರಲಿಲ್ಲ. ಇವಳಿಗೆ ಬಂತಲ್ಲ ಅಂತ ನನಗೆ ಮನಸಾರೆ ಖುಷಿ.

ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿ ಆದರು ಅನ್ನೋರಿಗೆ ಒಂದು ಲೆಕ್ಕ. ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ, ದಿನಕ್ಕೆ ಎಪ್ಪತ್ತೂ ಬೀಳುವುದಿಲ್ಲ. ಅದರಲ್ಲಿ ಯಾರ ಸಂಸಾರ ನಡೆಯುತ್ತದೆ? ಅಡುಗೆ ಎಣ್ಣೆ, ಬೇಳೆ, ಮಕ್ಕಳ ಶಾಲೆ, ದವಾಖಾನೆ ಎಲ್ಲ ಎಲ್ಲಿಂದ ಬರಬೇಕು? ಅವರು ಸುಮ್ನೆ ಮನೆಯಲ್ಲಿ ಕೂತಿಲ್ಲ. ಗಂಡಸರು ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರು ಸೇರಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರಿನ ಹೆಣ್ಣುಮಕ್ಕಳು ಹಾವೇರಿಗೆ, ಹುಬ್ಬಳ್ಳಿಗೆ ಅಂಗಡಿ ಕೆಲಸಕ್ಕೆ ಬಂದು ಹೋಗುತ್ತಾರೆ. ಅಲ್ಲಿ ನೆರಳಿದೆ, ತಿಂಗಳಿಗೆ ಸರಿಯಾಗಿ ಪಗಾರ ಇದೆ. ಊರಿನ ಹೊಲದಲ್ಲಿ ಮಳೆ ಹಿಡಿದರೆ ಕೆಲಸ ಇಲ್ಲ, ಸುಗ್ಗಿ ಮುಗಿದರೆ ಕೆಲಸ ಇಲ್ಲ. ಊರು ಬೆಳೆಯುತ್ತಿದೆ, ರಸ್ತೆ ಆಗುತ್ತಿದೆ, ನಾಲ್ಕು ಕಡೆ ಕೆಲಸ ಹುಟ್ಟುತ್ತಿದೆ. ಜಾಸ್ತಿ ಕೊಡುವ ಕಡೆ ಜನ ಹೋಗುತ್ತಾರೆ. ನಾವು ನೌಕರಿ ಬದಲಾಯಿಸಿದ್ದೂ ಅದಕ್ಕೇ ಅಲ್ವಾ?

ನರೇಗಾ, ಅಂದರೆ ಉದ್ಯೋಗ ಖಾತ್ರಿ ಮೇಲೂ ಇದೇ ಸಿಟ್ಟು. 2025-26ಕ್ಕೆ ಕರ್ನಾಟಕದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ನಮ್ಮ ಹೊಲಗಳಲ್ಲಿ? ಗಂಡಾಳಿಗೆ ಆರುನೂರು, ಹೆಣ್ಣಾಳಿಗೆ ಮುನ್ನೂರೈವತ್ತು. ಕಸ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಹೊಲದ ಮುಕ್ಕಾಲು ಕೆಲಸ ಯಾರದು? ಕಮ್ಮಿ ಕೂಲಿಯವರದೇ. ಕೂಲಿ ಜಾಸ್ತಿ ಆಯ್ತು ಅಂತ ಗೋಳಾಡುವಾಗ ನಮ್ಮವರು ಉದಾಹರಣೆ ಕೊಡುವುದೂ ಅವರದೇ.

ಬಿಟಿ ಹತ್ತಿ ಬೀಜದ ಪ್ಯಾಕೆಟ್ 2020ರಲ್ಲಿ 730 ರೂಪಾಯಿ ಇತ್ತು, 2025ಕ್ಕೆ 901 ಆಯಿತು. ಬೀಜ ಮಾರುವವರಿಗೆ ಸೊಕ್ಕು ಬಂತು ಅಂತ ಮದುವೆ ಊಟದಲ್ಲಿ ಯಾರೂ ಅನ್ನಲಿಲ್ಲ. 2025ರ ಆಗಸ್ಟ್‌ನಲ್ಲಿ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನೇ ಕೇಂದ್ರ ಸರ್ಕಾರ ತೆಗೆಯಿತು, ಡಿಸೆಂಬರ್ ಕೊನೆವರೆಗೆ. ಅಂದರೆ ಹೊರಗಿನ ಹತ್ತಿ ಅಗ್ಗವಾಗಿ ಬರಲು ದಾರಿ. ನಮ್ಮ ಹತ್ತಿ ಮಾರುಕಟ್ಟೆಗೆ ಬರುವ ಹೊತ್ತು ಅದು. ಅದರ ಮಾತನ್ನೂ ಯಾರೂ ಎತ್ತಲಿಲ್ಲ. ಗೋವಿನಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಎರಡು ಸಾವಿರದ ಕೆಳಗೆ ಬಿದ್ದಿತ್ತು. ಖರೀದಿ ಕೇಂದ್ರ ತೆರೆಯಿರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು.

ಇಲ್ಲೇ ಇರುವುದು ಅಸಲಿ ಮಾತು. ಬೆಂಬಲ ಬೆಲೆ ಗೊತ್ತು ಮಾಡುವಾಗ ಕೊಟ್ಟ ಕೂಲಿಯನ್ನೂ ಹಿಡಿಯುತ್ತಾರೆ, ಮನೆಯವರ ದುಡಿಮೆಯನ್ನೂ ಹಿಡಿಯುತ್ತಾರೆ. ಆ ಖರ್ಚಿನ ಒಂದೂವರೆ ಪಟ್ಟು ಬೆಲೆ ಅಂತ 2018-19ರಿಂದ ಹೇಳುತ್ತಿದ್ದಾರೆ. ಅಂದರೆ 2,400ರಲ್ಲಿ ಕೂಲಿ ಆಗಲೇ ಸೇರಿದೆ. ಆ ಬೆಲೆ ನಿಜವಾಗಿ ಕೈಗೆ ಬಂದರೆ ಅಣ್ಣ ಕೂಲಿ ಕೊಡುವಾಗ ಇಷ್ಟು ಒದ್ದಾಡಬೇಕಿಲ್ಲ. ಬೆಲೆಯಲ್ಲಿ ಹೋದ ರೊಕ್ಕವನ್ನು ಅವನು ಕೂಲಿಯಲ್ಲಿ ಉಳಿಸಬೇಕಾಗಿದೆ. ಮಾಲು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಅವನ ಮಾತು ನಡೆಯುವುದಿಲ್ಲ, ಸರ್ಕಾರದ ಹತ್ತಿರ ನಡೆಯುವುದಿಲ್ಲ. ನಡೆಯುವುದು ಒಂದೇ ಕಡೆ, ಆಳಿನ ಹತ್ತಿರ. ಈಗ ಅಲ್ಲೂ ನಡೆಯುತ್ತಿಲ್ಲ. ಸಿಟ್ಟು ಹುಟ್ಟಿದ್ದು ಅಲ್ಲಿಂದ.

2024ರ ಮಾರ್ಚ್ 11 ನೆನಪಿದೆಯಲ್ಲ? ಮೆಣಸಿನಕಾಯಿ ಬೆಲೆ ಕುಸಿದು ಬ್ಯಾಡಗಿಯಲ್ಲಿ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಆ ದಿನದ ಸಿಟ್ಟು ಬೆಲೆಯ ಮೇಲಿತ್ತು, ತುಂಬು ಬಿಡಿಸುವ ಹೆಂಗಸಿನ ಮೇಲೆ ಇರಲಿಲ್ಲ.

ಮಷಿನ್ ತಂದರಾಯಿತು ಅನ್ನುವವರೂ ಇದ್ದಾರೆ. ಗೋವಿನಜೋಳಕ್ಕೆ ಬಂದಿದೆ, ಒಳ್ಳೆಯದೇ. ಹತ್ತಿ ಒಂದೇ ಸಲಕ್ಕೆ ಒಡೆಯುವುದಿಲ್ಲ, ಮೆಣಸಿನಕಾಯಿ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಎರಡು ಮೂರು ಎಕರೆ ತುಂಡು ಹೊಲಕ್ಕೆ ಇನ್ನೂ ಕೈಯೇ ಬೇಕು. ಕೈ ಬೇಕಂದರೆ ಅದಕ್ಕೆ ತಕ್ಕ ಕೂಲಿ ಕೊಡಬೇಕು.

ಕೆಳಗೆ ಕಾಮೆಂಟಿನಲ್ಲಿ ಸೊಕ್ಕು, ಸೋಮಾರಿ ಅಂತ ಬರೆಯಲು ಹೊರಟವರು ಮೊದಲು ನಿಮ್ಮೂರಲ್ಲಿ ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು ಅಂತ ಬರೆಯಿರಿ. ಹೋದ ಸುಗ್ಗಿಯಲ್ಲಿ ನಿಮ್ಮ ಮಾಲು ಯಾವ ದರಕ್ಕೆ ಹೋಯಿತು ಅನ್ನುವುದನ್ನೂ ಹಾಕಿ. ಆಮೇಲೆ ಮಾತಾಡೋಣ.