ಕಾಫಿಗೆ ಮುಂಚಿನ ಒಂದು ಗಂಟೆ

ನಾನು ನುಂಗುವ ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧಿ 75 ಮೈಕ್ರೋಗ್ರಾಂ. 100 ಮಾತ್ರೆಗಳ ಇಡೀ ಬಾಟಲಿಯನ್ನು ಒಟ್ಟು ಹಾಕಿದರೂ ಔಷಧಿ ಏಳೂವರೆ ಮಿಲಿಗ್ರಾಂ ದಾಟುವುದಿಲ್ಲ. ನಮ್ಮ ಅತ್ತೆ ಒಂದು ವೀಳ್ಯದೆಲೆಗೆ ಸವರುವ ಸುಣ್ಣದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಇಷ್ಟು ಸಣ್ಣ ವಸ್ತು ದಿನಾ ಬೆಳಿಗ್ಗೆ ನನ್ನ ಮತ್ತು ಕಾಫಿಯ ನಡುವೆ ಆನೆಯ ಹಾಗೆ ಅಡ್ಡ ನಿಲ್ಲುತ್ತದೆ.

ಡಾಕ್ಟರ ಅಪ್ಪಣೆ ಕೇಳಲು ಬಹಳ ಸರಳ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ಒಂದು ಮಾತ್ರೆ. ಆಮೇಲೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಬಾಯಿಗೆ ಏನೂ ಹಾಕಬಾರದು. ಕಾಫಿಯಂತೂ ಬೇಡವೇ ಬೇಡ, ಮಾತ್ರೆ ಮೈಗೆ ಹತ್ತದಂತೆ ಅದು ಅಡ್ಡಿ ಮಾಡುತ್ತದೆ. ಬಯಲುಸೀಮೆಯ ಜನರಿಗೆ ಇದು ಕಷ್ಟವಾಗದಿರಬಹುದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ, ಅದು ಶಿಕ್ಷೆ. ಹೆಂಚಿನ ಮೇಲೆ ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆಯೂ ಬಿಟ್ಟಿರುವುದಿಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನದಿಂದ ಒಣಗಿರುವುದಿಲ್ಲ. ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಮುಂಭಾಗ ಮಾತ್ರ ಬೆಚ್ಚಗಾಗುತ್ತದೆ. ಒಳಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು, ಅದರ ಪರಿಮಳ ನಡುಮನೆ ದಾಟಿ ನನ್ನನ್ನು ಹುಡುಕಿಕೊಂಡು ಬರುತ್ತದೆ. ಆಗ ಒಂದು ಗಂಟೆ ಕಾಯಿರಿ ಎಂದರೆ ಯಾರು ಕಾದಾರು? ಕಾಫಿ ಕುಡಿಯುತ್ತೇನೆ. ಲೋಟ ಕೆಳಗಿಟ್ಟ ಮೇಲೆ ಮಾತ್ರೆ ನೆನಪಾಗುತ್ತದೆ. ಕಾಫಿ ಕುಡಿದಾಯಿತಲ್ಲ, ಇನ್ನು ನುಂಗಿದರೆ ಮಾತ್ರೆ ದಂಡ, ನಾಳೆಯಿಂದ ಸರಿಯಾಗಿ ನುಂಗೋಣ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಳ್ಳುತ್ತೇನೆ. ಹೀಗೆ ಆರಿದ್ರಾ ಮುಗಿದು ಪುನರ್ವಸು ಬಂತು, ಪುನರ್ವಸು ಮುಗಿದು ಪುಷ್ಯ ಬಂತು.

ಪುಷ್ಯ ಮುಗಿಯುವಷ್ಟರಲ್ಲಿ ರಕ್ತಪರೀಕ್ಷೆಯ ದಿನ ಹತ್ತಿರ ಬಂದಿತ್ತು. ನನ್ನ ಹೈಸ್ಕೂಲಿನ ಬುದ್ಧಿ ಜಾಗೃತವಾಯಿತು. ಕೊನೆಯ ವಾರ ದಿನಕ್ಕೆ ಎರಡೆರಡು ಮಾತ್ರೆ ನುಂಗಿದೆ. ಎದೆ ಡವಡವ ಎನ್ನುತ್ತಿತ್ತು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹೆಂಚಿನ ಸೋರು ಎಣಿಸುತ್ತಾ ಮಲಗಿರುತ್ತಿದ್ದೆ, ಒಮ್ಮೆ ಸಾರಿನ ಸೌಟು ಹಿಡಿದ ಕೈ ನಡುಗಿತು. ಮಾತ್ರೆ ಹತ್ತುತ್ತಿದೆ ಎಂದು ಸಮಾಧಾನವೇ ಆಯಿತು.

ಪರೀಕ್ಷೆಯ ದಿನ ಎರಡು ಮಾತ್ರೆಯನ್ನು ಐದೂವರೆಗೇ ನುಂಗಿ, ಬೇರೆ ಏನನ್ನೂ ಮುಟ್ಟದೆ, ಇವರ ಜೊತೆ ಮೊದಲ ಬಸ್ ಹತ್ತಿದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು. ಸಕ್ರೆಬೈಲಿನ ಬಿಡಾರದ ಆನೆಗಳಿಗೂ ಇಷ್ಟು ಹೊತ್ತಿಗೆ ಏನಾದರೂ ಸಿಕ್ಕಿರುತ್ತದೆ ಎಂದು ಯೋಚಿಸುತ್ತಾ ಶಿವಮೊಗ್ಗ ತಲುಪಿದೆ. ಎಂಟೂವರೆಗೆ ಲ್ಯಾಬಿನಲ್ಲಿ ಕುಳಿತಾಗ ಕಣ್ಣು ಕತ್ತಲೆ ಬರುವುದೊಂದು ಬಾಕಿ. ಸೂಜಿ ಹಿಡಿದ ಹುಡುಗಿ ತಿಂಡಿ ಆಯಿತೇ ಎಂದು ಕೇಳಿದಳು.

“ನಿನ್ನೆ ರಾತ್ರಿಯಿಂದ ನೀರು ಬಿಟ್ಟು ಏನೂ ಇಲ್ಲ” ಎಂದೆ, ಏಕಾದಶಿ ಮಾಡಿದವರ ಹೆಮ್ಮೆಯಿಂದ.

“ಇದಕ್ಕೆ ಉಪವಾಸ ಬೇಕಾಗಿರಲಿಲ್ಲ ಮೇಡಂ. ಇವತ್ತಿನ ಮಾತ್ರೆ ನುಂಗಿ ಬಂದಿಲ್ಲ ತಾನೇ?”

ಮಾಡಬೇಕಿಲ್ಲದ ಉಪವಾಸ ಮಾಡಿದ್ದೆ, ನುಂಗಬಾರದಿದ್ದ ಮಾತ್ರೆ ನುಂಗಿದ್ದೆ. ಮಾತ್ರೆ ನುಂಗಿದ ಎರಡು-ಮೂರು ಗಂಟೆಗೆ ರಕ್ತದಲ್ಲಿ ಟಿ4, ಅಂದರೆ ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು, ಉಬ್ಬಿಕೊಂಡಿರುತ್ತದಂತೆ, ಆಗ ಅಳೆದರೆ ಲೆಕ್ಕ ತಪ್ಪುತ್ತದಂತೆ. “ನುಂಗಿದ್ದೇನೆ” ಎಂದೆ. ಎಷ್ಟು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ವರದಿ ಮೊಬೈಲಿಗೆ ಬಂತು. ನಮ್ಮ ಮನೆಯಲ್ಲಿ ಯಾರ ವರದಿ ಬಂದರೂ ಜಗಲಿಯಲ್ಲಿ ಸಾರ್ವಜನಿಕವಾಗಿ ಓದುವುದು ಪದ್ಧತಿ. ಇವರು ಕನ್ನಡಕ ಏರಿಸಿ ಅಡಿಕೆ ಧಾರಣೆ ಓದುವ ದನಿಯಲ್ಲಿ ಶುರುಮಾಡಿದರು. ಟಿಎಸ್‌ಎಚ್ 18.4, ಇರಬೇಕಾದದ್ದು 0.4ರಿಂದ 4.0. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಎಚ್’. ಫ್ರೀ ಟಿ4 1.9, ಮೇಲಿನ ಗಡಿ 1.8. ಅದಕ್ಕೂ ‘ಎಚ್’.

“ಎರಡೂ ಏರಿದೆ. ರಾಶಿ ಅಡಿಕೆ ಹೀಗೆ ಏರಿದ್ದರೆ ನಿನ್ನನ್ನು ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆ” ಎಂದರು.

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, “ಥೈರಾಯ್ಡ್ ಏರಿದೆ ಅಂದರೆ ಮಾತ್ರೆ ಹೆಚ್ಚಾಗಿದೆ ಅಂತ ಮಾರಾಯ್ತಿ. ಬಿಟ್ಟುಬಿಡು. ಧನಿಯಾ ಜೀರಿಗೆ ಕಷಾಯ ಕುಡಿ” ಎಂದರು. ಅಷ್ಟು ವರ್ಷದಲ್ಲಿ ಅತ್ತೆಯ ಮಾತು ನನಗೆ ಅಷ್ಟು ಹಿತವಾಗಿ ಕೇಳಿಸಿದ್ದು ಅದೇ ಮೊದಲು.

ಆದರೆ ಜಗಲಿಯಲ್ಲಿ ಭಾವನ ಮಗ ಇದ್ದ. ಎಂಜಿನಿಯರಿಂಗ್ ಓದುವ ಹುಡುಗ, ಕೈಯಲ್ಲಿ ಮೊಬೈಲ್, ಅಪರೂಪಕ್ಕೆ ಸಿಗ್ನಲ್ಲೂ ಇತ್ತು. “ಚಿಕ್ಕಮ್ಮ, ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಎರಡೂ ಒಟ್ಟಿಗೆ ಏರುವುದು ಬಹಳ ಅಪರೂಪ” ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ತುಸು ದನಿ ತಗ್ಗಿಸಿ, “ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದ್ದರೆ ಹೀಗಾಗಬಹುದಂತೆ” ಎಂದ. ಜಗಲಿ ಸ್ತಬ್ಧವಾಯಿತು. ಇವರು ಕನ್ನಡಕ ತೆಗೆದು ಒರೆಸಿದರು. ಅವರು ಹಾಗೆ ಒರೆಸುವುದು ಕೊಳೆರೋಗದ ಸುದ್ದಿ ಬಂದಾಗ ಮಾತ್ರ.

ಹುಡುಗನಿಗೇ ಪಾಪ ಅನ್ನಿಸಿರಬೇಕು. ನನ್ನನ್ನು ಸಮಾಧಾನಪಡಿಸಲು ಇನ್ನೇನೋ ಹುಡುಕಿ ಓದಿದ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಥೈರಾಯ್ಡ್ ಕೆಟ್ಟಿದ್ದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿ ಗುಣ ಕಾಣಿಸಿದರಂತೆ. ಆಕೆ ಆಮೇಲೂ 28 ವರ್ಷ ಬದುಕಿದರಂತೆ. ಅಷ್ಟಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ. ಅತ್ತೆಯ ಕೈಯ ಎಲೆ ಹರಿವಾಣಕ್ಕೆ ಬಿತ್ತು. “ಕುರಿಯದ್ದೇ? ಇಷ್ಟು ದಿನ ಇವಳು ದೇವರ ನೈವೇದ್ಯಕ್ಕೆ ಅನ್ನ ಬಸಿದಿದ್ದಾಳಲ್ಲೋ!” ಈಗಿನದು ಕಾರ್ಖಾನೆಯಲ್ಲಿ ತಯಾರಾಗುವ ಮಾತ್ರೆ, ಕುರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಂಬಿಸುವಷ್ಟರಲ್ಲಿ ನನ್ನ ಗೆಡ್ಡೆಯ ವಿಷಯ ಎಲ್ಲರಿಗೂ ಮರೆತುಹೋಗಿತ್ತು, ನನಗೊಬ್ಬಳಿಗೆ ಬಿಟ್ಟು.

ಆಗಸ್ಟ್ 10ರಂದು ಡಾಕ್ಟರ ಮುಂದೆ ಕುಳಿತೆ. ಅವರು ವರದಿ ನೋಡಿದರು, ನನ್ನನ್ನು ನೋಡಿದರು. ಗೆಡ್ಡೆಯ ಮಾತು ಬರುತ್ತದೆ ಎಂದು ನಾನು ಉಸಿರು ಬಿಗಿಹಿಡಿದಿದ್ದರೆ ಅವರು ಕೇಳಿದ್ದು ಬೇರೆಯೇ: “ಮಾತ್ರೆ ಬಾಟಲಿ ತಂದಿದ್ದೀರಾ?”

ತಂದಿದ್ದೆ. ತರಬಾರದಿತ್ತು. ಔಷಧಿ ಅಂಗಡಿಯ ಬಿಲ್ಲನ್ನು ರಬ್ಬರ್ ಬ್ಯಾಂಡ್ ಹಾಕಿ ಬಾಟಲಿಗೇ ಸುತ್ತಿಟ್ಟಿದ್ದು ಇನ್ನೂ ದೊಡ್ಡ ತಪ್ಪು. ಅಚ್ಚುಕಟ್ಟುತನ ಒಮ್ಮೊಮ್ಮೆ ಹೀಗೆ ಕೈಕೊಡುತ್ತದೆ. ಅವರು ಬಿಲ್ ಬಿಚ್ಚಿ ಮೇಜಿನ ಮೇಲೆ ಹಾಸಿದರು. ಜೂನ್ 1, 100 ಮಾತ್ರೆ. ಬಾಟಲಿಯನ್ನು ಒಮ್ಮೆ ಕಿವಿಯ ಹತ್ತಿರ ಕುಲುಕಿದರು. ಆ ಸದ್ದಿನಲ್ಲೇ ಅವರಿಗೆ ಅರ್ಧ ತಿಳಿದಿರಬೇಕು. ಆಮೇಲೆ ಮುಚ್ಚಳಕ್ಕೆ ಸುರಿದುಕೊಂಡು, ಪೆನ್ನಿನ ತುದಿಯಿಂದ ಐದೈದರಂತೆ ಸರಿಸುತ್ತಾ ಎಣಿಸಿದರು. 64. ನೋಡುತ್ತಾ ಕೂತಿದ್ದ ಇವರು, ಅಡಿಕೆ ಲೆಕ್ಕದಲ್ಲಿ ಪಳಗಿದವರು, ಯಾರೂ ಕೇಳದಿದ್ದರೂ ಹೇಳಿಬಿಟ್ಟರು: “ನಿನ್ನೆಗೆ 70 ದಿನ. 30 ಉಳಿಯಬೇಕಿತ್ತು.”

“ಕೊನೆಯ ವಾರ ಎಷ್ಟು ನುಂಗಿದಿರಿ?” ಎಂದರು ಡಾಕ್ಟರು. ಹೇಳಿದೆ. ಅವರು ನಗಲಿಲ್ಲ. ಎದೆ ಹೊಡೆದುಕೊಂಡದ್ದು, ನಿದ್ದೆ ಕೆಟ್ಟದ್ದು, ಕೈ ನಡುಗಿದ್ದು ಎಲ್ಲ ಅದರಿಂದಲೇ. ಹೃದಯದ ತೊಂದರೆ ಇರುವವರು ಹೀಗೆ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ಚೆನ್ನಾಗಿ ಬೈದರು. ಗೆಡ್ಡೆಯ ವಿಷಯ ನಾನೇ ಎತ್ತಿದೆ. “ಗೆಡ್ಡೆಯೂ ಪಟ್ಟಿಯಲ್ಲಿದೆ, ನಿಮ್ಮ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾವು ಮೊದಲು ಹುಡುಕುವುದು ಅದನ್ನಲ್ಲ. ತಿಂಗಳುಗಟ್ಟಲೆ ತಪ್ಪಿಸಿ, ಪರೀಕ್ಷೆ ಬಂತೆಂದು ನುಂಗುವವರನ್ನು.” ಕೂದಲು ಉದುರುವುದಕ್ಕೆ ಬಯೋಟಿನ್ ಏನಾದರೂ ತಿನ್ನುತ್ತೀರಾ ಎಂದೂ ಕೇಳಿದರು, ಅದು ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದಂತೆ, ಎರಡು ದಿನ ಮೊದಲೇ ನಿಲ್ಲಿಸಬೇಕಂತೆ. ಪುಣ್ಯಕ್ಕೆ ಆ ಒಂದು ತಪ್ಪನ್ನು ನಾನು ಮಾಡಿರಲಿಲ್ಲ.

ಇಷ್ಟಾದರೂ ನನ್ನ ತಲೆಗೆ ಹೋಗದ ವಿಷಯವೊಂದಿತ್ತು. ಥೈರಾಯ್ಡ್ ಕಡಿಮೆ ಇರುವವಳ ಸಂಖ್ಯೆ ಏಕೆ ಏರುತ್ತದೆ? ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆ ಏರಿದರೆ ಏರಿದೆ ಎನ್ನುತ್ತಾರೆ. ಇಲ್ಲಿ ಏರಿದರೆ ಇಳಿದಿದೆ ಎನ್ನುತ್ತಾರಲ್ಲ! ಡಾಕ್ಟರು ಚಿತ್ರ ಬರೆದು ತೋರಿಸಿದರು: ಮಿದುಳಿನ ಬುಡದಲ್ಲಿ ಪಿಟ್ಯುಟರಿ, ಕುತ್ತಿಗೆಯಲ್ಲಿ ಥೈರಾಯ್ಡ್, ನಡುವೆ ಬಾಣದ ಗುರುತು. ಟಿಎಸ್‌ಎಚ್ ಎಂಬುದು ಥೈರಾಯ್ಡಿನದಲ್ಲ, ಪಿಟ್ಯುಟರಿಯದು. ತಲೆ ಆಡಿಸಿದೆ. ಅರ್ಥವಾದದ್ದು ಮನೆಗೆ ಬಂದು ಎರಡು ದಿನವಾದ ಮೇಲೆ, ಹಿತ್ತಿಲ ಬಾಗಿಲಲ್ಲಿ.

ಅತ್ತೆ ಅಲ್ಲಿ ನಿಂತು, ತೋಟದ ಕೆಳಗೆ ಇದ್ದ ಆಳನ್ನು ಊಟಕ್ಕೆ ಕರೆಯಲು ಕೂ ಹಾಕುತ್ತಿದ್ದರು. ಅವನು ಹತ್ತಿರವೇ ಇದ್ದು ಓಗೊಟ್ಟರೆ ಅತ್ತೆ ಒಂದೇ ಒಂದು ಸಣ್ಣ ಕೂ ಹಾಕಿ ಒಳಗೆ ಬರುತ್ತಾರೆ. ಅವನು ಮಾತಾಡದಿದ್ದರೆ ಕೂ ಎರಡಾಗುತ್ತದೆ, ನಾಲ್ಕಾಗುತ್ತದೆ, ಕೊನೆಗೆ ಆಚೆ ದಿಂಬದ ಮನೆಯವರೂ ಹೊರಗೆ ಬಂದು ನೋಡುತ್ತಾರೆ. ಟಿಎಸ್‌ಎಚ್ ಎಂದರೆ ಅತ್ತೆಯ ಕೂ. 18.4 ಎಂದರೆ ಆಳಿನ ಸುದ್ದಿಯೇ ಇಲ್ಲ ಎಂದು ಅರ್ಥ. ಕೂ ಜೋರಾಗಿದೆ ಎಂದು ಮಾತ್ರೆ ಬಿಟ್ಟರೆ, ಗಲಾಟೆ ಹೆಚ್ಚಾಯಿತೆಂದು ಇದ್ದ ಒಬ್ಬ ಆಳನ್ನೂ ಮನೆಗೆ ಕಳಿಸಿದ ಹಾಗೆ.

ಇನ್ನೂ ಒಂದು ಗುಟ್ಟು ಅಲ್ಲೇ ಬಯಲಾಯಿತು. ಆಳು ಮೆಟ್ಟಿಲು ಹತ್ತಿ, ಕಂಬಳಿಕೊಪ್ಪೆ ಕೊಡವಿ, ಅತ್ತೆಯ ಎದುರಿಗೇ ಬಂದು ನಿಂತ. ಆದರೂ ಅತ್ತೆ ಇನ್ನೂ ಎರಡು ಕೂ ಹಾಕಿದರು. ಅಷ್ಟು ಹೊತ್ತು ಕೂಗಿದ ಗಂಟಲು ಕೂಡಲೇ ನಿಲ್ಲುತ್ತದೆಯೇ? ನನ್ನ ವರದಿಯ ಎರಡು ‘ಎಚ್’ ಇದೇ. ಟಿ4 ಎಂಬ ಆಳು ಒಂದು ವಾರದ ಹಿಂದೆ ಓಡೋಡಿ ಬಂದು ಅಂಗಳದಲ್ಲಿ ನಿಂತಿದ್ದ. ಒಂದೂವರೆ ತಿಂಗಳು ಕೂಗಿದ ಪಿಟ್ಯುಟರಿ ಇನ್ನೂ ಕೂಗುತ್ತಲೇ ಇತ್ತು. ಮಾತ್ರೆ ಸರಿಯಾಗಿ ನುಂಗಲು ತೊಡಗಿದ ಮೇಲೂ ಆ ಕೂಗು ತನ್ನ ಮಟ್ಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು, ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದು ಇದಕ್ಕೇ. ಹಾಗಾದರೆ ಸೊನ್ನೆಗೇ ಇಳಿಸಿಬಿಡುತ್ತೇನೆ ಎಂದು ಉತ್ಸಾಹದಿಂದ ಹೇಳಿ ಆ ದಿನ ಇನ್ನೊಮ್ಮೆ ಬೈಸಿಕೊಂಡಿದ್ದೆ. ಕೂ ಪೂರಾ ನಿಂತಿದೆ ಎಂದರೆ ಬೇಡದಷ್ಟು ಆಳು ಬಂದು ಕೂತಿದ್ದಾರೆ ಎಂದು. ಅದು ಎದೆಗೂ ಕೇಡು, ಮೂಳೆಗೂ ಕೇಡು.

ಅಂದಿನಿಂದ ಬಾಟಲಿಯ ಜಾಗ ಬದಲಾಯಿತು. ರಾತ್ರಿ ಮಲಗುವಾಗ ಹಾಸಿಗೆಯ ಪಕ್ಕ, ನೀರಿನ ತಂಬಿಗೆಯ ಜೊತೆ. ಐದಕ್ಕೆ ಅಲಾರಾಂ ಹೊಡೆದಾಗ ಕಣ್ಣು ಮುಚ್ಚಿಕೊಂಡೇ ನುಂಗಿ ಮತ್ತೆ ಕಂಬಳಿ ಎಳೆದುಕೊಂಡರೆ ಆ ಒಂದು ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ. ಅತ್ತೆಯ ಕ್ಯಾಲ್ಸಿಯಂ ಮಾತ್ರೆಯಲ್ಲಿ ನಾನೂ ಒಂದೊಂದು ತಿನ್ನುತ್ತಿದ್ದೆ. ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕೆಂದು ಅದು ಮಧ್ಯಾಹ್ನದ ಊಟಕ್ಕೆ ಹೋಯಿತು. ಇವರು ಪ್ರತಿ ಭಾನುವಾರ ಬಾಟಲಿ ಸುರಿದು ಎಣಿಸುತ್ತಾರೆ. ಎಣಿಸಲಿ. ಅಡಿಕೆ ಇನ್ನೂ ಬಂದಿಲ್ಲ, ಅವರಿಗೂ ಕೈಗೆ ಕೆಲಸ ಬೇಕು.

ಏಳು ವಾರ ಕಳೆದು, ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಅದೇ ಬಸ್, ಅದೇ ಲ್ಯಾಬ್, ಅದೇ ಹುಡುಗಿ. ಈ ಸಲ ಎಲ್ಲ ಸರಿಯಾಗಿ ಮಾಡುವ ಹಟ ನನ್ನದು. ಆದರೆ ಬಸ್ಸಿನಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿಬಿದ್ದದ್ದು ಗೊತ್ತಾಯಿತು. ಉಪವಾಸ ಬೇಕಿಲ್ಲ ನಿಜ. ಆದರೆ ರಕ್ತ ಕೊಡುವ ಮೊದಲು ಮಾತ್ರೆ ನುಂಗುವಂತಿಲ್ಲ. ತಿಂಡಿ ತಿಂದು ರಕ್ತ ಕೊಟ್ಟರೆ ಆಮೇಲೆ ನುಂಗಲು ಹೊಟ್ಟೆ ಖಾಲಿ ಇರುವುದಿಲ್ಲ. ಅಂದರೆ ಮೊದಲ ಸಲ ಸುಮ್ಮನೆ ಮಾಡಿದ್ದ ಉಪವಾಸವನ್ನು ಈ ಸಲ ಕಾರಣಸಹಿತ ಮಾಡಬೇಕು, ಜೊತೆಗೆ ಒಂದು ಗಂಟೆ ಹೆಚ್ಚು.

ಸಂಜೆ ಬಂದ ವರದಿಯಲ್ಲಿ ಟಿಎಸ್‌ಎಚ್ 4.6 ಇತ್ತು, ‘ಎಚ್’ ಇನ್ನೂ ಹೋಗಿರಲಿಲ್ಲ, ಆದರೆ ಇಳಿಯುತ್ತಿದೆ, ಡೋಸ್ ಬದಲಿಸುವುದು ಬೇಡ ಎಂದರು ಡಾಕ್ಟರು. ಅದು ಸಂಜೆಯ ಮಾತು. ಬೆಳಿಗ್ಗೆ ಎಂಟೂವರೆಗೆ, ತೋಳಿಗೆ ಹತ್ತಿ ಒತ್ತಿಕೊಂಡು, ಲ್ಯಾಬಿನ ನೀರಿನಲ್ಲೇ ಮಾತ್ರೆ ನುಂಗಿ ದುರ್ಗಿಗುಡಿಯ ಬೀದಿಗೆ ಇಳಿದೆ. ಒಂದು ಸುತ್ತು ನಡೆದೆ. ಎರಡನೆಯ ಸುತ್ತಿಗೆ ಮಳೆ ಬಂತು. ಆಶ್ರಯಕ್ಕೆ ಸಿಕ್ಕಿದ್ದು ಹೋಟೆಲು.

“ಏನು ಕೊಡಲಿ ಅಕ್ಕ?”

“ಇನ್ನು 22 ನಿಮಿಷ ಬಿಟ್ಟು ಹೇಳುತ್ತೇನೆ.”

ಅವನು ನನ್ನನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿ, ರಾಹುಕಾಲ ಇರಬೇಕು ಎಂದುಕೊಂಡನೋ ಏನೋ, ಮೇಜು ಒರೆಸಿ ಹೋದ. ಇವರು ನಾಚಿಕೆಯಿಲ್ಲದೆ ಮಸಾಲೆ ದೋಸೆ ತರಿಸಿಕೊಂಡು, ತುಂಡು ಮುರಿದು, ಒಳಗಿನ ಕೆಂಪು ಚಟ್ನಿಯನ್ನು ಸರಿಯಾಗಿ ನನ್ನ ಕಡೆಗೇ ತಿರುಗಿಸಿ ತಿಂದರು. ಆಮೇಲೆ ಕಾಫಿ. ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ದಾಗ ನೊರೆ ಉಕ್ಕಿ ಅಂಚಿನಲ್ಲಿ ನಿಂತಿತು. “ಬಿಸಿ ಇದೆ” ಎಂದು ನನಗೆ ವರದಿ ಒಪ್ಪಿಸಿದರು.

ಗಡಿಯಾರದಲ್ಲಿ 9 ಗಂಟೆ 28 ನಿಮಿಷ. ನಾನು ಕೈ ಎತ್ತಿ ಕಾಫಿ ಹೇಳಿದೆ. ಬರಲು ಎರಡು ನಿಮಿಷವಾದರೂ ಬೇಕಲ್ಲ.