ದೊಡ್ಡಪ್ಪನ ಮೇಲೆ ಕೇಸು

ದುಡ್ಡೇ ದೊಡ್ಡಪ್ಪ ಅಂತ ನಾವು ಸುಮ್ನೆ ಮಾತಿಗೆ ಹೇಳುತ್ತೇವೆ. ಅಮೆರಿಕದವರು ಅದನ್ನು ನಿಜವೆಂದೇ ನಂಬಿದ್ದಾರೆ. ಅಲ್ಲಿ ದುಡ್ಡು ಬರೀ ಕಾಗದವಲ್ಲ, ಆಸಾಮಿ. ತಪ್ಪು ಮಾಡುತ್ತದೆ, ಸಿಕ್ಕಿಬೀಳುತ್ತದೆ, ಆಮೇಲೆ ಕಟಕಟೆಯಲ್ಲಿ ನಿಲ್ಲುತ್ತದೆ.

ನಂಬಿಕೆ ಬರದಿದ್ದರೆ ಕೇಸಿನ ಹೆಸರು ನೋಡಿ: 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 1,24,700 ಡಾಲರ್ ನಗದು'. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಮಟ್ಟದ, ಮೇಲ್ಮನವಿ ಕೋರ್ಟು 2006ರಲ್ಲಿ ಇದರ ತೀರ್ಪು ಕೊಟ್ಟಿತು. ನೆಬ್ರಾಸ್ಕದ ಹೆದ್ದಾರಿಯಲ್ಲಿ ಒಬ್ಬ ಬಾಡಿಗೆ ಕಾರನ್ನು ಸ್ವಲ್ಪ ಜೋರಾಗಿ ಓಡಿಸಿದ. ಪೊಲೀಸರು ನಿಲ್ಲಿಸಿದರು. ಒಳಗಿದ್ದ ಐಸ್ ಪೆಟ್ಟಿಗೆಯಲ್ಲಿ ನೋಟಿನ ಕಟ್ಟುಗಳು ಸಿಕ್ಕವು. ಮಾದಕವಸ್ತು ಒಂದು ಚಿಟಿಕೆಯೂ ಸಿಗಲಿಲ್ಲ. ದುಡ್ಡಿಲ್ಲ ಅಂತ ಅವನು ಮೊದಲು ಸುಳ್ಳು ಹೇಳಿದ್ದ, ಅದು ನಿಜ. ಆಮೇಲೆ, ಗೆಳೆಯರೆಲ್ಲ ಸೇರಿ ಹಾಕಿದ ದುಡ್ಡು, ಫ್ರಿಜ್ ಇರುವ ಲಾರಿ ಕೊಳ್ಳೋಕೆ ತಂದಿದ್ದೆ ಅಂದ. ಪೊಲೀಸ್ ನಾಯಿ ಮೂಸಿ ನೋಡಿ, ವಾಸನೆ ಇದೆ ಅಂದಿತು. ನಾಯಿಯೇ ಹೇಳಿದ ಮೇಲೆ ಇನ್ನೇನು? ದುಡ್ಡು ಸರ್ಕಾರದ ಪಾಲಾಯಿತು. ಅಮೆರಿಕದಲ್ಲಿ ಓಡಾಡುವ ನೋಟುಗಳಲ್ಲಿ ಬಹುಪಾಲಿಗೆ ಕೊಕೇನಿನ ಕಣ ಅಂಟಿರುತ್ತದೆ ಅಂತ ಸಂಶೋಧಕರು ತೋರಿಸಿದ್ದಾರೆ. ಚರ್ಚಿನ ಕಾಣಿಕೆ ತಟ್ಟೆ ಮೂಸಿದರೂ ಆ ನಾಯಿ ಬೊಗಳಬಹುದು.

ಈ ಪದ್ಧತಿಗೆ ಸಿವಿಲ್ ಫಾರ್ಫಿಚರ್ ಅಂತ ಹೆಸರು. ಸಿವಿಲ್ ಜಪ್ತಿ ಅಂದುಕೊಳ್ಳಿ. ಇದರ ಹಿಂದಿನ ಲೆಕ್ಕಾಚಾರ ಬಲು ಚೆನ್ನಾಗಿದೆ. ಮನುಷ್ಯನನ್ನು ಜೈಲಿಗೆ ಹಾಕಬೇಕಾದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಬಡವನಾದರೆ ಸರ್ಕಾರವೇ ವಕೀಲರನ್ನು ಕೊಡಬೇಕು. ತಲೆನೋವು ಜಾಸ್ತಿ. ಅದಕ್ಕೇ ಅವನನ್ನು ಬಿಟ್ಟು ಅವನ ಕಾರಿನ ಮೇಲೆ, ಮನೆಯ ಮೇಲೆ, ಜೇಬಿನ ಮೇಲೆ ಕೇಸು ಹಾಕುವುದು. ಕಾರಿಗೆ ಯಾರು ವಕೀಲರನ್ನು ಕೊಡುತ್ತಾರೆ? ಸಾಕ್ಷಿಯೂ ಅಷ್ಟೇನೂ ಬೇಡ, ತಕ್ಕಡಿ ಸ್ವಲ್ಪ ಆ ಕಡೆ ವಾಲಿದರೆ ಸಾಕು. ಫೆಡರಲ್ ಕೇಸುಗಳಲ್ಲಿ ಅಷ್ಟಾದರೂ ಬೇಕು ಅಂತಾದದ್ದು 2000ನೇ ಇಸವಿಯಲ್ಲಿ. ಅದಕ್ಕೂ ಮೊದಲು ಪೊಲೀಸರ ಗುಮಾನಿ ಸಾಕಿತ್ತು, ತಪ್ಪಿಲ್ಲ ಅಂತ ತೋರಿಸುವ ಕರ್ಮ ಮಾಲೀಕನದು.

ಆರೋಪಿಗಳು ಒಮ್ಮೊಮ್ಮೆ ಗೆಲ್ಲುವುದೂ ಉಂಟು. ನೆವಾಡದ ಒಂದು ಕ್ಯಾಸಿನೋದಲ್ಲಿ 18 ಕ್ಯಾರೆಟ್ ಬಂಗಾರದ ಹುಂಜ ಇತ್ತು. ಕಲಾಕೃತಿಗಲ್ಲದೆ ಬೇರೆ ಕೆಲಸಕ್ಕೆ ಅಷ್ಟು ಬಂಗಾರ ಇಟ್ಟುಕೊಳ್ಳುವ ಹಾಗಿರಲಿಲ್ಲ. 1960ರಲ್ಲಿ ಸರ್ಕಾರ ಹುಂಜವನ್ನು ಹಿಡಿಯಿತು. 1962ರಲ್ಲಿ ಜ್ಯೂರಿ ಅದನ್ನು ಕಲೆಯೇ ಅಂತ ಒಪ್ಪಿತು, ಹುಂಜ ಬಿಡುಗಡೆಯಾಯಿತು. 2008ರಲ್ಲಿ 64,695 ಪೌಂಡ್ ಶಾರ್ಕ್ ಮೀನಿನ ರೆಕ್ಕೆಗಳೂ ಅಮೆರಿಕ ಸರ್ಕಾರವನ್ನು ಮೇಲ್ಮನವಿಯಲ್ಲಿ ಸೋಲಿಸಿದವು.

ಫಿಲಡೆಲ್ಫಿಯಾದ ಸಿಟಿ ಹಾಲ್‌ನ 478ನೇ ನಂಬರಿನ ಕೋಣೆಗೆ ಹೋಗಿದ್ದರೆ ಹುಂಜದ ಕಥೆ ಏನಾಗುತ್ತಿತ್ತೋ. ಹೆಸರಿಗೆ ಅದು ಕೋರ್ಟಾಗಿತ್ತು. ಒಳಗೆ ನ್ಯಾಯಾಧೀಶರೇ ಇರಲಿಲ್ಲ. ಮನೆ, ಕಾರು ಕಳಕೊಂಡವರು ಬಂದು ಮಾತಾಡಬೇಕಾಗಿದ್ದದ್ದು ಅದನ್ನು ಕಿತ್ತುಕೊಳ್ಳಲು ಹೊರಟ ಸರ್ಕಾರಿ ವಕೀಲರ ಹತ್ತಿರವೇ. ಅವರು ಮತ್ತೊಂದು ದಿನ ಬನ್ನಿ ಅಂತಿದ್ದರು. ಬರಬೇಕು. ಇನ್ನೊಂದು ದಿನ ಬನ್ನಿ ಅಂತಿದ್ದರು. ಬರಬೇಕು. ಒಂದು ಸಲ ತಪ್ಪಿಸಿದರೂ ಆಸ್ತಿ ಕೈಬಿಟ್ಟ ಹಾಗೆ. ಹೀಗೆ ಅಲೆದವರಲ್ಲಿ ಒಂದು ಕುಟುಂಬದ ಮಗ 40 ಡಾಲರಿನ ಹೆರಾಯಿನ್ ಮಾರಿದ್ದ. ಅಪ್ಪ ಅಮ್ಮನ ಮೇಲೆ ಯಾವ ಆರೋಪವೂ ಇರಲಿಲ್ಲ. ಆರೋಪ ಇದ್ದದ್ದು ಮನೆಯ ಮೇಲೆ! ಪೊಲೀಸರು ಬಂದು ಅವರನ್ನು ಹೊರಗೆ ಹಾಕಿ ಬಾಗಿಲು ಬಂದ್ ಮಾಡಿದರು. 2014ರಲ್ಲಿ ಆ ಕುಟುಂಬ ಮತ್ತೆ ಕೆಲವರು ಸೇರಿ ನಗರದ ಮೇಲೆಯೇ ಕೇಸು ಹಾಕಿದರು. 2018ರಲ್ಲಿ ನಗರ ರಾಜಿಗೆ ಬಂತು.

ಇಷ್ಟು ಮುತುವರ್ಜಿ ಯಾಕೆ ಅಂತೀರಾ? ಹಿಡಿದವರಿಗೆ ಪಾಲಿದೆ. 1984ರ ಕಾನೂನಿನ ಪ್ರಕಾರ ಸ್ಥಳೀಯ ಪೊಲೀಸರು ಫೆಡರಲ್ ಸರ್ಕಾರದ ಜೊತೆ ಸೇರಿ ಜಪ್ತಿ ಮಾಡಿದರೆ ಶೇ. 80ರವರೆಗೆ ಅವರಿಗೇ ವಾಪಸ್. ಮಿಸೌರಿಯ ಒಬ್ಬ ಪೊಲೀಸ್ ಮುಖ್ಯಸ್ಥರು ಸಭೆಯೊಂದರಲ್ಲಿ ಇದನ್ನು ಸ್ವರ್ಗದಿಂದ ಉದುರುವ ಕಾಸಿಗೆ ಹೋಲಿಸಿದರು. ಉದುರಿದ ಕಾಸಿನಲ್ಲಿ ಜಾರ್ಜಿಯಾದ ಒಬ್ಬ ಶೆರಿಫ್ 90,000 ಡಾಲರಿನ ಡಾಜ್ ವೈಪರ್ ಅನ್ನುವ ಸ್ಪೋರ್ಟ್ಸ್ ಕಾರು ಕೊಂಡರು. ಶೋಕಿಗಲ್ಲ ಸ್ವಾಮಿ, ಶಾಲೆಯ ಮಕ್ಕಳಿಗೆ ಡ್ರಗ್ಸ್ ಕೆಟ್ಟದ್ದು ಅಂತ ಹೇಳಿಕೊಡಲು. ಟೆಕ್ಸಾಸಿನ ಒಂದು ಸರ್ಕಾರಿ ವಕೀಲರ ಕಚೇರಿ ಮಾರ್ಗರೀಟಾ ಅನ್ನುವ ಮದ್ಯ ಮಾಡುವ ಯಂತ್ರ ತಂದಿತು. ಜಪ್ತಿಯ ದುಡ್ಡಿನಲ್ಲಿ ಕುಡಿಸುವ ಯಂತ್ರ!

ಇಂಡಿಯಾನಾದಲ್ಲಿ ಕೆಲವು ನೂರು ಡಾಲರಿನ ಹೆರಾಯಿನ್ ಮಾರಿದವನ 42,000 ಡಾಲರಿನ ಲ್ಯಾಂಡ್ ರೋವರ್ ಹೋಯಿತು. ಅಪ್ಪ ಸತ್ತಾಗ ಬಂದ ವಿಮೆ ದುಡ್ಡಿನಲ್ಲಿ ಕೊಂಡಿದ್ದ ಗಾಡಿ. ಆ ಅಪರಾಧಕ್ಕೆ ಗರಿಷ್ಠ ದಂಡವೇ 10,000 ಡಾಲರ್. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುವಾಗ ನ್ಯಾಯಮೂರ್ತಿ ಬ್ರೇಯರ್ ಕೇಳಿದರು: ಯಾರಾದರೂ ಮಿತಿಗಿಂತ ಐದು ಮೈಲಿ ಜಾಸ್ತಿ ವೇಗದಲ್ಲಿ ಬುಗಾಟಿ ಅನ್ನುವ ದುಬಾರಿ ಕಾರು ಓಡಿಸಿದರೆ ಬುಗಾಟಿಯನ್ನೇ ಕಿತ್ತುಕೊಳ್ಳಬಹುದಾ? ರಾಜ್ಯದ ವಕೀಲರು ಹೌದು ಅಂದರು. ಅವರ ಪ್ರಾಮಾಣಿಕತೆಯನ್ನು ನಾನಂತೂ ಮೆಚ್ಚಿದೆ. 2019ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಮಿತಿಮೀರಿದ ದಂಡದ ವಿರುದ್ಧದ ರಕ್ಷಣೆ ರಾಜ್ಯಗಳಿಗೂ ಅನ್ವಯಿಸುತ್ತದೆ ಅಂದರು. ಆದರೂ ಗಾಡಿ ಮನೆಗೆ ಬಂದದ್ದು 2020ರ ಮೇ ತಿಂಗಳಲ್ಲಿ.

ಸುಧಾರಣೆ ಆಗಿಲ್ಲ ಅಂತಲ್ಲ. ನ್ಯೂ ಮೆಕ್ಸಿಕೋ 2015ರಲ್ಲಿ, ನೆಬ್ರಾಸ್ಕ 2016ರಲ್ಲಿ, ಮೇನ್ 2021ರಲ್ಲಿ ಸಿವಿಲ್ ಜಪ್ತಿ ತೆಗೆದುಹಾಕಿದವು. ಮೊದಲು ಮನುಷ್ಯನ ಅಪರಾಧ ಸಾಬೀತಾಗಲಿ, ಆಮೇಲೆ ಆಸ್ತಿಗೆ ಕೈಹಾಕಿ ಅನ್ನುವ ಸೀದಾ ಮಾತು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರಕ್ಕೆ ಮಾತ್ರ ಈ ಸೀದಾ ಮಾತು ಅರ್ಥವಾಗಲಿಲ್ಲ. ಅದು ರಾಜ್ಯದ ಕಾನೂನು, ನಮ್ಮ ನಗರಕ್ಕಲ್ಲ ಅಂತ ಕಾರು ಹಿಡಿಯುವುದನ್ನು ಮುಂದುವರಿಸಿತು. ಬರುವ ವರ್ಷ ಜಪ್ತಿಯಿಂದ ಎಷ್ಟು ಬರುತ್ತದೆ ಅಂತ ಬಜೆಟ್‌ನಲ್ಲೇ ಬರೆದಿಟ್ಟಿತ್ತು. ತಪ್ಪು ಇನ್ನೂ ನಡೆದಿಲ್ಲ, ಆದಾಯ ಆಗಲೇ ಜಮಾ! ಮಗ ಕುಡಿದು ಓಡಿಸಿದ್ದಕ್ಕೆ, ತಾಯಿಯ ಕಾರು ಹಿಡಿದು ಬಿಡಲು 4,000 ಡಾಲರ್ ಕೇಳಿದರು. 2018ರಲ್ಲಿ ಫೆಡರಲ್ ನ್ಯಾಯಾಧೀಶರು ಇದು ಸಂವಿಧಾನಕ್ಕೆ ವಿರುದ್ಧ ಅಂದರು.

ಇಡೀ ದೇಶಕ್ಕೆ ಅಂತ 'ಫೇರ್ ಆಕ್ಟ್' ಮಸೂದೆಯೂ ಬಂತು. ಜಪ್ತಿಯ ದುಡ್ಡು ಹಿಡಿದವರ ಖಾತೆಗೆ ಹೋಗದೆ ಸರ್ಕಾರದ ಖಜಾನೆಗೆ ಹೋಗಲಿ, ಬಡವರಿಗೆ ವಕೀಲರು ಸಿಗಲಿ, ಸಾಕ್ಷಿ ಇನ್ನಷ್ಟು ಗಟ್ಟಿ ಇರಲಿ ಅನ್ನುವುದು ಅದರ ತಿರುಳು. ನನ್ನ ಕೇಳಿದರೆ ಮೊದಲನೆಯದೊಂದು ಆದರೂ ಸಾಕು, ನಾಯಿಗಳ ಮೂಗು ತಾನಾಗಿಯೇ ಸರಿಹೋಗುತ್ತದೆ. 2023ರಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ 26-0 ಮತದಿಂದ ಒಪ್ಪಿತು. ಒಂದು ಬೇಡದ ಮತವೂ ಇಲ್ಲ. ಆದರೆ ಸಭೆಯ ಮತಕ್ಕೆ ಅದು ಬರಲೇ ಇಲ್ಲ, 2025ರ ಜನವರಿಯಲ್ಲಿ ಅವಧಿ ಮುಗಿದು ಬಿದ್ದುಹೋಯಿತು.

ನಡುವೆ, 2024ರ ಮೇ ತಿಂಗಳಲ್ಲಿ ಅಲಬಾಮದ ಇಬ್ಬರು ಮಹಿಳೆಯರ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬೇರೆಯವರು ಓಡಿಸುವಾಗ ಡ್ರಗ್ಸ್ ಸಿಕ್ಕಿತೆಂದು ಇವರ ಕಾರು ಹಿಡಿದು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದರು. ಮುಖ್ಯ ವಿಚಾರಣೆಗೆ ಮೊದಲು ಬೇಗ ಒಂದು ವಿಚಾರಣೆ ಕೊಡಿ ಅಂತ ಇವರು ಕೇಳಿದರು. ಸಂವಿಧಾನದ ಪ್ರಕಾರ ಅದೇನೂ ಬೇಕಿಲ್ಲ ಅಂತ 6-3ರ ತೀರ್ಪು ಬಂತು. ವಾರಂಟ್ ಇಲ್ಲದೆ ಮನುಷ್ಯನನ್ನು ಹಿಡಿದರೆ ಮಾತ್ರ, ಸಾಮಾನ್ಯವಾಗಿ 48 ಗಂಟೆಯೊಳಗೆ ಅದಕ್ಕೆ ಕಾರಣ ಇದೆಯಾ ಅಂತ ನ್ಯಾಯಾಧೀಶರು ನೋಡಲೇಬೇಕು. ಹಾಗಾಗಿ ಅಲ್ಲಿ ಕಾರು ಜಪ್ತಿಯಾದವರು ಪೊಲೀಸರ ಕೈ ಹಿಡಿದು, "ಸಾರ್, ದಯವಿಟ್ಟು ನನ್ನನ್ನೂ ಒಳಗೆ ಹಾಕಿ" ಅಂತ ಬೇಡಿಕೊಳ್ಳುವುದೇ ವಾಸಿ.